ಇಳಕಲ್ಲ: ಕೊಂಡಿಯಲ್ಲಿ ಕೂಡಿದ ಪಟ್ಟಣ

ಬಾಗಲಕೋಟೆ ಜಿಲ್ಲೆಯ ಇತಿಹಾಸವೆಂದೊಡನೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಚಾಲುಕ್ಯ ಶಿಲ್ಪದತ್ತ ದೃಷ್ಟಿ ಹರಿಯುವುದು ಸಹಜ. ಅರಸರ ರಾಜಧಾನಿಯಾಗಿ ಅಲ್ಲದೆ ದುಡಿಯುವವರ ನೆಲೆಯಾಗಿ ಬೆಳೆದ ಇಳಕಲ್ಲದ ಚರಿತ್ರೆ ಇದಕ್ಕಿಂತ ಭಿನ್ನವಾದುದು. ದೀರ್ಘಕಾಲ ಹುನಗುಂದ ತಾಲೂಕಿಗೆ ಸೇರಿದ್ದು, ಈಗ ಪ್ರತ್ಯೇಕ ತಾಲೂಕು ಕೇಂದ್ರವಾಗಿರುವ ಈ ಪಟ್ಟಣದ ಹೆಸರನ್ನು ನಾಡಿನಾಚೆಗೆ ಒಯ್ದವು ಎರಡು: ಕೆಂಪು ಗ್ರಾನೈಟ್ ಶಿಲೆ ಹಾಗೂ ಕೈಮಗ್ಗದ ಸೀರೆ.

ಸೀರೆಯ ವೈಶಿಷ್ಟ್ಯವಿರುವುದು ಅದರ ಜೋಡಣೆಯಲ್ಲಿ. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿಯದು. ಸೆರಗಿನದು ರೇಷ್ಮೆ ಅಥವಾ ಕೃತಕ ರೇಷ್ಮೆಯದು. ಇವೆರಡನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಆದ್ದರಿಂದ ಒಂದು ಹಾಸಿಗೆ ಒಂದೇ ಸೀರೆ. ಮುಂದಿನದಕ್ಕೆ ಮತ್ತೆ ಹೊಸ ಜೋಡಣೆ. ಕೆಂಪು-ಬಿಳಿ ಬಣ್ಣಗಳ ಸೆರಗಿನ ಮೇಲೆ ಮೂಡುವ ಜೋಳದ ತೆನೆ, ಹಣಿಗೆ, ಕೋಟೆಯ ತೆನೆಗಳ ಆಕೃತಿಗಳು ಈ ಬಯಲುಸೀಮೆಯ ಬದುಕಿನಿಂದಲೇ ಬಂದವು.

ಈ ವಿಧಾನವೇ ಪಟ್ಟಣದ ಸ್ವಭಾವವನ್ನೂ ರೂಪಿಸಿದೆ. ನೂಲಿಗೆ ಬಣ್ಣ ಹಾಕುವವರು, ಹಾಸು ಹೂಡುವವರು, ಕೊಂಡಿ ಕೂಡಿಸುವವರು, ನೇಯುವವರು ಹೀಗೆ ಹಲವು ಕೈಗಳು ಒಂದು ಸೀರೆಯಲ್ಲಿ ಸೇರುತ್ತವೆ. ಮಗ್ಗದ ಪೂರ್ವಸಿದ್ಧತೆಯ ಬಹುಪಾಲು ಮನೆಯ ಹೆಣ್ಣುಮಕ್ಕಳದು; ಅದಕ್ಕೆ ಪ್ರತ್ಯೇಕ ಕೂಲಿಯ ಲೆಕ್ಕ ಸಿಗುವುದು ವಿರಳ. ದುಡಿಮೆಗಾರರ ಊರಿನ ಸಂಕಟವನ್ನು ಇಲ್ಲಿನ ವಿಜಯ ಮಹಾಂತೇಶ ಮಠವೂ ಅರಿತಿತ್ತು. 2018ರಲ್ಲಿ ಲಿಂಗೈಕ್ಯರಾದ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ 'ಮಹಾಂತ ಜೋಳಿಗೆ' ಧಾನ್ಯವನ್ನಲ್ಲ, ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿತು.

ಇಂದು ಇಳಕಲ್ಲದ ಮುಂದಿರುವ ಪ್ರಶ್ನೆ ಹೆಸರಿನದಲ್ಲ. 1999ರ ಕಾಯಿದೆಯಡಿ ಸೀರೆಗೆ ಭೌಗೋಳಿಕ ಸೂಚಕದ ನೋಂದಣಿ ದೊರೆತಿದೆ. ಆದರೆ ಉದ್ದನೆಯ ಅಖಂಡ ಹಾಸಿನ ಮೇಲೆ ಒಂದರ ಹಿಂದೊಂದು ಸೀರೆ ನೇಯುವ ವಿದ್ಯುತ್ ಮಗ್ಗಕ್ಕೆ ಕೊಂಡಿಯ ಅಗತ್ಯವೇ ಇಲ್ಲ. ಹಾಗೆ ನೇಯ್ದ ಬಟ್ಟೆ ಅಗ್ಗವಾಗುತ್ತದೆ. ದೂರದಿಂದ ನೋಡಿದರೆ ದಡಿ, ಸೆರಗು ಒಂದೇ ಬಗೆಯವು. ಕೊಳ್ಳುವವರಿಗೆ ವ್ಯತ್ಯಾಸ ತಿಳಿಯದಿದ್ದರೆ ನಷ್ಟವಾಗುವುದು ಕೈಮಗ್ಗದವರಿಗೆ. ಮಾನ್ಯತೆಯು ಹೆಸರನ್ನು ಕಾಯಬಲ್ಲದು. ಕೊಂಡಿ ಕೂಡಿಸುವ ಕೈಗೆ ತಕ್ಕ ಕೂಲಿ ದೊರೆತರೆ ಮಾತ್ರ ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟೀತು. ಗುಡಿಗಳ ಸಂರಕ್ಷಣೆಯಷ್ಟೇ ಈ ಕಸುಬಿನ ಸಂರಕ್ಷಣೆಯೂ ಜಿಲ್ಲೆಯ ಇತಿಹಾಸದ ಹೊಣೆಯಾಗಿದೆ.