ಶಾಲೆ ಬಿಟ್ಟ ಬೆತ್ತ ಮನೆ ಸೇರಿತು

ಮಗನನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದ ಅಪ್ಪ ಮೇಷ್ಟ್ರ ಮುಂದೆ ಕೈಮುಗಿದು, ‘ಕಣ್ಣೆರಡು ಬಿಟ್ಟು ಎಲ್ಲಿಗೆ ಬೇಕಾದರೂ ಬಾರಿಸಿ ಸಾ, ನಾವು ಕೇಳೋದಿಲ್ಲ’ ಎನ್ನುತ್ತಿದ್ದ ಕಾಲವೊಂದಿತ್ತು. ತೀರಾ ಹಿಂದಿನ ಮಾತಲ್ಲ. ಈಗ ಐವತ್ತು ದಾಟಿದವರಲ್ಲಿ ಬಹಳಷ್ಟು ಮಂದಿ ಈ ಕರಾರಿನ ಮೇಲೆಯೇ ಶಾಲೆಯ ಮೆಟ್ಟಿಲು ಹತ್ತಿದವರು. ಮೇಷ್ಟ್ರು ಕೂಡ ಕೊಟ್ಟ ಅಧಿಕಾರವನ್ನು ಸುಮ್ಮನೆ ಇಟ್ಟುಕೊಳ್ಳುತ್ತಿರಲಿಲ್ಲ. ಹುಣಸೆ ಬರಲು, ಲಕ್ಕಿ ಬರಲು, ಅಡಿಪಟ್ಟಿಯ ಅಂಚು, ಡಸ್ಟರಿನ ಬೆನ್ನು, ಯಾವುದಕ್ಕೂ ಬರವಿರಲಿಲ್ಲ. ಬರಲು ಮುರಿದು ತರುವ ಕೆಲಸ ಎಷ್ಟೋ ಸಲ ಪೆಟ್ಟು ತಿನ್ನಬೇಕಾದವನದೇ. ಬಸ್ಕಿ, ಮೊಣಕಾಲೂರುವುದು, ಗೋಡೆಗೆ ಬೆನ್ನು ಕೊಟ್ಟು ಇಲ್ಲದ ಕುರ್ಚಿಯಲ್ಲಿ ಕೂರುವುದು, ಇವೆಲ್ಲ ಬೇರೆ. ಇವರ ಅಜ್ಜಂದಿರು ಓದಿದ ಕೂಲಿ ಮಠಗಳಲ್ಲಿ ಕೋದಂಡವಿತ್ತು: ಜಂತಿಗೆ ಕಟ್ಟಿದ ಹಗ್ಗಕ್ಕೆ ಹುಡುಗನನ್ನು ಜೋತುಬಿಡುವ ಶಿಕ್ಷೆ. ‘ಛಡಿ ಚಂ ಚಂ, ವಿದ್ಯಾ ಘಂ ಘಂ’ ಎಂದು ನಗುತ್ತ ಹೇಳುವವರಿಗೆ ಕೋದಂಡದ ನೆನಪು ಇರಲಿಕ್ಕಿಲ್ಲ.

ಇಂದು ಅದೇ ಕರಾರಿನ ಹುಡುಗ ತಾನೇ ಅಪ್ಪನಾಗಿದ್ದಾನೆ. ಟೀಚರ್ ಮಗಳ ಕಿವಿ ಹಿಂಡಿದರೆ ಸಂಜೆಯೊಳಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸುದ್ದಿ, ಮರುದಿನ ಬೆಳಿಗ್ಗೆ ಹೆಡ್‌ಮಿಸ್ ಕೋಣೆಯಲ್ಲಿ ಜಗಳ. ಜಗಳ ಮಾಡಿದ್ದು ಸರಿಯೇ. ಆದರೆ ಅದೇ ರಾತ್ರಿ ಎಂಟಕ್ಕೆ ಮಗಳಿಗೆ ಏಳರ ಮಗ್ಗಿ ಬರಲಿಲ್ಲವೆಂದು ಅವಳ ಬೆನ್ನಿಗೆ ಬೀಳುವ ಗುದ್ದಿನ ಬಗ್ಗೆ ಯಾವ ಗುಂಪಿನಲ್ಲೂ ಚರ್ಚೆಯಿಲ್ಲ.

ಶಾಲೆಯ ಬೆತ್ತಕ್ಕೆ ಕಾನೂನು ಅಡ್ಡ ನಿಂತ ಕಥೆ ಚಿಕ್ಕದು. ದೆಹಲಿ ಶಾಲಾ ನಿಯಮಗಳಲ್ಲಿ ದೈಹಿಕ ಶಿಕ್ಷೆಗಿದ್ದ ಅವಕಾಶವನ್ನು ಅಲ್ಲಿನ ಹೈಕೋರ್ಟ್ 2000ನೇ ಇಸವಿಯ ಡಿಸೆಂಬರಿನಲ್ಲಿ ರದ್ದು ಮಾಡಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೇಶದುದ್ದಕ್ಕೂ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ಅಲ್ಲಿಗೆ ಶಾಲೆಗಳೆಲ್ಲ ಬದಲಾದವೆಂದಲ್ಲ. ಆದರೂ ಹೊಡೆಯುವ ಮೇಷ್ಟ್ರು ಈಗ ಬಾಗಿಲ ಕಡೆ ಒಮ್ಮೆ ನೋಡಿ ಹೊಡೆಯಬೇಕಾಗಿದೆ.

ಮನೆಯ ಬಾಗಿಲ ಕಡೆ ಯಾರೂ ನೋಡಬೇಕಾಗಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿತ್ತು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಗೆ ಒಳಗಾಗಿದ್ದರು. ಕುಟುಂಬದೊಳಗೆ ಪೆಟ್ಟು ತಿಂದವರಲ್ಲಿ ಶೇ 88.6ರಷ್ಟು ಮಕ್ಕಳಿಗೆ ಹೊಡೆದವರು ಹೆತ್ತವರೇ. ಆ 13 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದರಿಂದ ನಾವು ನಿರಾಳವಾಗಬೇಕಾದ್ದೇನಿಲ್ಲ.

ಹೆತ್ತವರ ಕೈ ತಡೆಯುವ ನೇರ ಕಾನೂನು ನಮ್ಮಲ್ಲಿಲ್ಲ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ದೈಹಿಕ ಶಿಕ್ಷೆಯ ಹೆಸರೆತ್ತುವ 82ನೇ ಸೆಕ್ಷನ್ ಮಕ್ಕಳ ಪಾಲನಾ ಸಂಸ್ಥೆಗಳಿಗೆ ಮಾತ್ರ. ಕ್ರೌರ್ಯದ ಕುರಿತ 75ನೇ ಸೆಕ್ಷನ್ ತಂದೆ ತಾಯಿಗೂ ಅನ್ವಯಿಸೀತು, ಆದರೆ ಅದು ಬರೆ ಹಾಕಿದಾಗ, ಕೂಡಿಹಾಕಿದಾಗ ನೆನಪಾಗುವಂಥದ್ದು. ದಿನನಿತ್ಯದ ಕೆನ್ನೆಯೇಟಿಗೆ ಅದನ್ನು ಯಾರೂ ಹಿಡಿದುಕೊಂಡು ಹೋಗುವುದಿಲ್ಲ. ಬದಲಿಗೆ 1860ರ ದಂಡ ಸಂಹಿತೆಯ 89ನೇ ಸೆಕ್ಷನ್ ಹೊಡೆದವರ ಬೆನ್ನಿಗಿತ್ತು: ಹನ್ನೆರಡರೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದ್ಭಾವನೆಯಿಂದ ಮಾಡಿದ್ದು, ಕೆಲವು ಮಿತಿಗಳೊಳಗೆ, ಅಪರಾಧವಲ್ಲ. 2024ರ ಜುಲೈಯಲ್ಲಿ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು 27ನೇ ಸಂಖ್ಯೆ ಹೊತ್ತು ಮುಂದುವರಿದಿದೆ.

ಅದೇ 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಥಾಮಸ್ ಹಾಪ್ಲಿ ಎಂಬ ಮೇಷ್ಟ್ರು ಓದಿನಲ್ಲಿ ಹಿಂದಿದ್ದ ಹದಿನೈದರ ಹುಡುಗನನ್ನು ಹೊಡೆದು ಕೊಂದ. ಹೊಡೆಯಲು ಹುಡುಗನ ತಂದೆ ಪತ್ರ ಬರೆದು ಒಪ್ಪಿಗೆ ಕೊಟ್ಟಿದ್ದರು. ಹಾಪ್ಲಿಗೆ ಶಿಕ್ಷೆಯಾಯಿತು, ಆದರೆ ಮಿತಿ ಮೀರದ ‘ಸಮಂಜಸ’ ದಂಡನೆಗೆ ಪಾಲಕರಿಗೂ ಶಿಕ್ಷಕರಿಗೂ ಹಕ್ಕಿದೆ ಎಂದು ಆ ತೀರ್ಪೇ ಸಾರಿತು. ಆ ಹಕ್ಕನ್ನು ಸ್ಕಾಟ್ಲೆಂಡ್ 2020ರಲ್ಲಿ, ವೇಲ್ಸ್ 2022ರಲ್ಲಿ ಕಿತ್ತುಹಾಕಿದವು. ಹಾಗೆಂದು ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟುವಂತಿಲ್ಲ. ಐದು ವರ್ಷ ಮುದ್ದಿಸು, ಮುಂದಿನ ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಗೆಳೆಯನಂತೆ ಕಾಣು ಎಂಬ ಚಾಣಕ್ಯನ ಹೆಸರಿನ ಶ್ಲೋಕ ನಮ್ಮದೇ.

‘ನಾವೂ ಪೆಟ್ಟು ತಿಂದೇ ಬೆಳೆದಿದ್ದೇವೆ, ಏನಾಯಿತು ಈಗ?’ ಎಂಬುದು ಈ ಚರ್ಚೆಯಲ್ಲಿ ತಪ್ಪದೆ ಬರುವ ಮಾತು. ಉತ್ತರವಾಗಿ ಪೆಟ್ಟು ತಿಂದವರೆಲ್ಲ ಹಾಳಾದರು ಎನ್ನುವುದು ಸುಳ್ಳು. ಬಹಳ ಜನ ಚೆನ್ನಾಗಿಯೇ ಬಾಳಿದ್ದಾರೆ, ಪೆಟ್ಟಿನಿಂದಲೋ ಪೆಟ್ಟಿನ ಹೊರತಾಗಿಯೋ ಎಂದು ಅವರವರಿಗೂ ಗೊತ್ತಾಗುವುದು ಕಷ್ಟ. ಒಟ್ಟು ಲೆಕ್ಕ ಬೇರೆ ಹೇಳುತ್ತದೆ. ಅಮೆರಿಕದ ಎಲಿಜಬೆತ್ ಗರ್ಶಾಫ್ ಮತ್ತು ಆ್ಯಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು, ಅಂದರೆ ಸುಮಾರು 1.6 ಲಕ್ಷ ಮಕ್ಕಳ ಮಾಹಿತಿಯನ್ನು, ಒಟ್ಟಿಗೆ ಇಟ್ಟು ನೋಡಿದರು. ಬಾಸುಂಡೆ ಬರುವ ಹೊಡೆತವಲ್ಲ, ಕುಂಡೆಗೆ ಬೀಳುವ ಸಾಮಾನ್ಯ ಏಟಿನ ಲೆಕ್ಕ. ಏಟು ಹೆಚ್ಚಿದಲ್ಲೆಲ್ಲ ಹಟ, ಆಕ್ರೋಶ, ಮನಸ್ಸಿನ ತೊಂದರೆಗಳೂ ಹೆಚ್ಚಿದ್ದವು. ಒಳ್ಳೆಯದು ಯಾವುದೂ ಅದರ ಜೊತೆಗೆ ಕಾಣಲಿಲ್ಲ. ತಂಟೆಕೋರ ಮಗುವಿಗೇ ಹೆಚ್ಚು ಏಟು ಬೀಳುವುದಲ್ಲವೇ, ಕಾರಣ ಯಾವುದು ಪರಿಣಾಮ ಯಾವುದು ಎಂದು ರಾಬರ್ಟ್ ಲಾರ್ಜೆಲೆರ್ ಅವರಂಥ ಸಂಶೋಧಕರು ತಕರಾರು ಎತ್ತಿದ್ದಾರೆ. ನ್ಯಾಯವಾದ ತಕರಾರೇ.

ಸಂಶೋಧನೆಯನ್ನು ಬದಿಗಿಟ್ಟು ನಮ್ಮ ಮನೆಗಳನ್ನೇ ನೋಡೋಣ. ಭಾನುವಾರ ನೆಂಟರೆದುರು ಹಾಲಿನ ಲೋಟ ಬಿದ್ದರೆ ‘ಹೋಗ್ಲಿ ಬಿಡು ಪುಟ್ಟಿ’. ಸೋಮವಾರ ಬೆಳಿಗ್ಗೆ ಸ್ಕೂಲ್ ವ್ಯಾನಿನ ಹಾರ್ನ್ ಕೇಳುತ್ತಿರುವಾಗ ಅದೇ ಲೋಟ ಬಿದ್ದರೆ ಫಟ್ ಅಂತ ಒಂದು. ತಪ್ಪು ಒಂದೇ, ಬದಲಾದದ್ದು ಅಮ್ಮನ ಗಡಿಯಾರ. ಪೆಟ್ಟು ಬೀಳುವುದು ಮಗು ಏನು ಮಾಡಿತು ಎಂಬುದಕ್ಕಿಂತ ದೊಡ್ಡವರು ಎಷ್ಟು ದಣಿದಿದ್ದಾರೆ, ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿದ್ದರು ಎಂಬುದನ್ನು ನೋಡಿಕೊಂಡು. ಮಕ್ಕಳು ದಡ್ಡರಲ್ಲ. ಹಾಲು ಚೆಲ್ಲಬಾರದು ಎಂಬುದನ್ನು ಕಲಿಯುವ ಮೊದಲು ಅಪ್ಪನ ಚಪ್ಪಲಿ ಸದ್ದಿನಲ್ಲೇ ಇವತ್ತಿನ ಹವಾಮಾನ ಎಂಥದು ಎಂದು ಹೇಳಲು ಕಲಿಯುತ್ತಾರೆ. ಸಿಟ್ಟಿದ್ದರೆ ಟೆಸ್ಟ್ ಪೇಪರ್ ಹಾಸಿಗೆಯಡಿಗೆ ಹೋಗುತ್ತದೆ. ಇದನ್ನು ನಾವು ಶಿಸ್ತು ಎಂದು ಕರೆಯುತ್ತಿದ್ದೇವೆ.

ಇಲ್ಲಿ ಸ್ವೀಡನ್ ನೆನಪಾಗುತ್ತದೆ. ಪಿಪ್ಪಿ ಎಂಬ ಪುಂಡು ಹುಡುಗಿಯ ಕಥೆಗಳನ್ನು ಬರೆದ ಆ್ಯಸ್ಟ್ರಿಡ್ ಲಿಂಡ್‌ಗ್ರೆನ್ 1978ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಶಾಂತಿ ಪ್ರಶಸ್ತಿ ಸ್ವೀಕರಿಸುತ್ತ ಒಂದು ಪ್ರಸಂಗ ಹೇಳಿದರು. ತಾಯಿಯೊಬ್ಬಳು ಹೊಡೆಯಲು ಬರಲು ನೀನೇ ಹುಡುಕಿ ತಾ ಎಂದು ಮಗನನ್ನು ಕಳಿಸುತ್ತಾಳೆ. ಅವನು ಅಳುತ್ತ ಬಂದು, ಬರಲು ಸಿಗಲಿಲ್ಲ, ಈ ಕಲ್ಲನ್ನು ಬೇಕಾದರೆ ನನ್ನ ಮೇಲೆ ಎಸೆ ಎಂದು ಕೈಚಾಚುತ್ತಾನೆ. ನೋಯಿಸುವುದಷ್ಟೇ ಅಮ್ಮನ ಉದ್ದೇಶವಾದರೆ ಕಲ್ಲಾದರೂ ಆದೀತಲ್ಲ ಎಂಬುದು ಹುಡುಗನ ತರ್ಕ. ಮರುವರ್ಷವೇ ಸ್ವೀಡನ್ ಮನೆಯಲ್ಲೂ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿತು; ಜಗತ್ತಿನಲ್ಲಿ ಹಾಗೆ ಮಾಡಿದ ಮೊದಲ ದೇಶ ಅದು. ಆ ಕಾನೂನಿನಲ್ಲಿ ದಂಡವಿಲ್ಲ, ಜೈಲಿಲ್ಲ. ಗಂಭೀರ ಹಲ್ಲೆಗೆ ಬೇರೆ ಕಾನೂನು ಇದ್ದೇ ಇತ್ತು. ಸರ್ಕಾರ ಮಾಡಿದ್ದೇನೆಂದರೆ, ಹೊಡೆಯದೆ ಮಗುವನ್ನು ಬೆಳೆಸುವುದು ಹೇಗೆಂಬ ಕಿರುಪುಸ್ತಿಕೆಯನ್ನು ಮಕ್ಕಳಿರುವ ಮನೆಗಳಿಗೆಲ್ಲ ಹಂಚಿದ್ದು, ಹಾಲಿನ ಪೊಟ್ಟಣದ ಮೇಲೆ ವಿಷಯ ಅಚ್ಚು ಹಾಕಿಸಿದ್ದು. ಬೆಳಗಿನ ತಿಂಡಿಯ ಹೊತ್ತಿಗೆ ಅಪ್ಪ ಅಮ್ಮ ಮಕ್ಕಳು ಎಲ್ಲರೂ ಅದನ್ನು ಒಟ್ಟಿಗೆ ಓದಲಿ ಎಂದು.

ನೆರೆಯ ನಾರ್ವೆಯಲ್ಲಿ 2012ರಲ್ಲಿ ಮಗನನ್ನು ಹಿಂಸಿಸಿದ್ದಕ್ಕೆ ಭಾರತೀಯ ದಂಪತಿಗೆ ಜೈಲಾದಾಗ ನಮ್ಮಲ್ಲಿ ಹೆಚ್ಚಾಗಿ ಕೇಳಿದ್ದು ‘ನಮ್ಮ ಮಗು, ನಾವು ಹೊಡೆದರೆ ಇವರಿಗೇನು’ ಎಂಬ ಮಾತು. ಯುರೋಪಿಗೆ ವಲಸೆ ಹೋದ ನಮ್ಮ ಟೆಕ್ಕಿಗಳು ವೀಸಾದಷ್ಟೇ ಜಾಗ್ರತೆಯಾಗಿ ಮಕ್ಕಳಿಗೆ ಹೊಡೆಯುವುದರ ಕುರಿತ ಅಲ್ಲಿನ ಕಾನೂನನ್ನೂ ತಿಳಿದುಕೊಳ್ಳಬೇಕಾಗಿದೆ. ಅಲ್ಲಿ ಹೊಡೆಯದೆ ಇರಲು ಸಾಧ್ಯವಾಗುವ ಕೈಗೆ ಬೆಂಗಳೂರಿಗೆ ಬಂದಿಳಿದ ಮೇಲೆ ಏಕೆ ಸಾಧ್ಯವಾಗುವುದಿಲ್ಲ ಎಂದು ಕೇಳಬಹುದು. ನಮ್ಮ ಉಪಖಂಡದಲ್ಲಿ ನೇಪಾಳ 2018ರಲ್ಲೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿದೆ.

ನನಗನ್ನಿಸುವಂತೆ ನಮಗೆ ಮೊದಲು ಬೇಕಿರುವುದು ಪೊಲೀಸರಲ್ಲ. ಶಾಲೆಯಲ್ಲಿ ನಾವು ಮಾಡಿದ ಎಡವಟ್ಟು ಅದೇ: ಹೊಡೆಯಬೇಡಿ ಎಂದು ಸುತ್ತೋಲೆ ಕಳಿಸಿದೆವು, ಮತ್ತೇನು ಮಾಡಬೇಕೆಂದು ಹೇಳಿಕೊಟ್ಟದ್ದು ಕಡಿಮೆ. ಹೇಳಿಕೊಟ್ಟ ಕಡೆ ಫಲ ಕಂಡಿದೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಶುರುವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ತರಗತಿಗೆ ಹೋಗಿ ನೋಡಿ. ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತು ಕಾರ್ಡು ಹಿಡಿದು ತಂತಮ್ಮ ವೇಗದಲ್ಲಿ ಕಲಿಯುತ್ತಾರೆ. ಕೈಕಟ್ಟಿ ಬಾಯಿಮುಚ್ಚಿ ಕೂರಬೇಕೆಂಬ ನಿಯಮವೇ ಇಲ್ಲದ ಮೇಲೆ ಅದನ್ನು ಮುರಿದದ್ದಕ್ಕೆ ಹೊಡೆಯುವ ಸಂದರ್ಭವೂ ಕಡಿಮೆ. ಮನೆಗೆ ಇಂಥದ್ದೊಂದು ಬಂದಿಲ್ಲ. ಎರಡು ವರ್ಷದ ಮಗು ಎಲ್ಲದಕ್ಕೂ ‘ಬೇಡ’ ಎನ್ನುವುದು ಸೊಕ್ಕಲ್ಲ, ವಯಸ್ಸು ಎಂದು ತಾಯಿ ಕಾರ್ಡಿನಲ್ಲಿ ಚುಚ್ಚುಮದ್ದಿನ ಪಟ್ಟಿಯ ಪಕ್ಕ ಎರಡು ಸಾಲು ಹಾಕಬಹುದು. ನಂದಿನಿ ಪ್ಯಾಕೆಟ್ಟಿನ ಮೇಲೂ ಜಾಗವಿದೆ. ಇವೆಲ್ಲಕ್ಕಿಂತ ಸುಲಭದ್ದು ಪೋಷಕರ ಸಭೆ. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕಿಸಿಕೊಂಡು ಕಳಿಸುವ ಬದಲು ಅರ್ಧ ಗಂಟೆ ನಲಿ-ಕಲಿ ಟೀಚರನ್ನು ಮಾತಾಡಲು ಬಿಡಲಿ. ಕೈಯಲ್ಲಿ ಬರಲಿಲ್ಲದೆ ಇಪ್ಪತ್ತು ಮೂವತ್ತು ಮಕ್ಕಳನ್ನು ದಿನವಿಡೀ ಸಂಭಾಳಿಸುವವರು ಅವರು. ಒಂದೆರಡು ಮಕ್ಕಳಿಗೇ ಸೋತು ಕೈಯೆತ್ತುವ ನಮಗೆ ಅವರಿಂದ ಕೇಳಿ ತಿಳಿಯಬೇಕಾದ್ದು ಬಹಳವಿದೆ.