ಯಂತ್ರ ಬದಲಾದರೂ ಉಳಿದ ಕರೆ: ಬೇಸಿಕ್ ಭಾಷೆ ಕಲಿಸುವ ಪಾಠ

1984ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಗಣಕಯಂತ್ರಗಳನ್ನು ಒದಗಿಸಲಾರಂಭಿಸಿತು. ಇಂದು ನಡುವಯಸ್ಸಿನಲ್ಲಿರುವ ನಮ್ಮ ಬಳಗದ ಕೆಲವರು ಗಣಕವನ್ನು ಮೊದಲು ಮುಟ್ಟಿದ್ದು ಅದರಲ್ಲಿಯೇ ಇರಬಹುದು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದ ಆ ಯಂತ್ರಕ್ಕೆ ಬೇಸಿಕ್ ಭಾಷೆಯನ್ನು ರೂಪಿಸಿದವರು ಸೋಫಿ ವಿಲ್ಸನ್.

ನಾವು ಆಜ್ಞೆ ಬರೆಯುವುದು ಬೇಸಿಕ್‌ನಲ್ಲಾದರೂ, ಪರದೆಯ ಮೇಲೆ ಅಕ್ಷರ ಮೂಡಿಸುವ ಕೆಲಸವನ್ನು ನಿಜವಾಗಿ ಮಾಡುವುದು ಆಪರೇಟಿಂಗ್ ಸಿಸ್ಟಂ. ಅಲ್ಲಿ ಆ ಸೇವೆಗೆ 65518 ಎಂಬ ಗೊತ್ತಾದ ವಿಳಾಸವಿತ್ತು. 'ಎ' ಎಂಬ ಪೂರ್ಣಾಂಕ ಚರಾಕ್ಷರದಲ್ಲಿ 65 ಎಂಬ ಸಂಕೇತವನ್ನಿಟ್ಟು, 'ಕಾಲ್' ಆಜ್ಞೆಯೊಡನೆ ಆ ವಿಳಾಸವನ್ನು ಕೊಟ್ಟರೆ, ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಮೂಡುತ್ತಿತ್ತು. ಚರಾಕ್ಷರದ ಬೆಲೆಯನ್ನು ಬೇಸಿಕ್ ತಾನೇ 6502 ಪ್ರೊಸೆಸರಿನ 'ಎ' ರಿಜಿಸ್ಟರಿಗೆ ತುಂಬಿ ಕಳುಹಿಸುತ್ತಿತ್ತು.

ವೇಗದ ಆಸೆಯಿಂದ ಕೆಲವರು ಈ ದಾರಿಯನ್ನು ಬಿಟ್ಟು, ಪರದೆಯ ಮೆಮೊರಿಗೆ ನೇರವಾಗಿ ಬರೆಯುತ್ತಿದ್ದರು. ಗ್ರಾಹಕನು ಕೌಂಟರಿನಲ್ಲಿ ಚೆಕ್ಕು ಕೊಡದೆ ತಾನೇ ಭದ್ರಕೊಠಡಿಗೆ ನುಗ್ಗಿದಂತೆ! ಅದೇ ಯಂತ್ರಕ್ಕೆ ಎರಡನೆಯ ಪ್ರೊಸೆಸರನ್ನು ಜೋಡಿಸಿದಾಗ ಇದರ ಫಲ ಕಂಡಿತು. ಪ್ರೋಗ್ರಾಂ ಹೊಸ ಪ್ರೊಸೆಸರಿನ ಸ್ವಂತ ಮೆಮೊರಿಯಲ್ಲಿ ನಡೆಯುತ್ತಿತ್ತು. ಪರದೆಯ ಮೆಮೊರಿ ಹಳೆಯ ಯಂತ್ರದಲ್ಲೇ ಉಳಿದಿತ್ತು. ನೇರವಾಗಿ ಬರೆದದ್ದು ಪರದೆಯನ್ನು ತಲುಪಲೇ ಇಲ್ಲ. 65518ನ್ನು ಕರೆದ ಪ್ರೋಗ್ರಾಂ ಮಾತ್ರ ಒಂದಕ್ಷರವೂ ಬದಲಾಗದೆ ನಡೆಯಿತು.

1987ರಲ್ಲಿ ಬಂದ ಆರ್ಕಿಮಿಡೀಸ್ ಗಣಕದಲ್ಲಿ ಪ್ರೊಸೆಸರಿನ ರಚನೆಯೇ ಬೇರೆ. ಅದು 32 ಬಿಟ್‌ಗಳ ಆರ್ಮ್. ಅದರ ಆಜ್ಞಾಸಮೂಹವನ್ನು ರೂಪಿಸಿದವರೂ ಸೋಫಿ ವಿಲ್ಸನ್ ಅವರೇ. ಅಲ್ಲಿ 'ಎ' ಎಂಬ ರಿಜಿಸ್ಟರಿಲ್ಲ. ಆದ್ದರಿಂದ ಬೇಸಿಕ್‌ಗೆ 'ಸಿಸ್' ಎಂಬ ಹೊಸ ಆಜ್ಞೆ ಸೇರಿತು. ಸೇವೆಯನ್ನು 'ಓಎಸ್ ರೈಟ್‌ಸಿ' ಎಂದು ಹೆಸರಿನಿಂದಲೇ ಕರೆದು, 65 ಎಂದರೆ ಸಾಕು; ವಿಳಾಸದ ಗೊಡವೆಯಿಲ್ಲ. ಇಷ್ಟಾದರೂ ಹಳೆಯ ಪ್ರೋಗ್ರಾಂ 65518ನ್ನು ಕರೆದರೆ, ಹೊಸ ಬೇಸಿಕ್ ಅದನ್ನು ಗುರುತಿಸಿ ಹೊಸ ಸೇವೆಗೆ ತಲುಪಿಸುತ್ತಿತ್ತು. ಆದರೆ 6502ರ ಯಂತ್ರಭಾಷೆಯಲ್ಲಿ ಬರೆದ ಭಾಗಗಳಿಗೆ ಈ ಅನುಕೂಲವಿರಲಿಲ್ಲ; ಅವನ್ನು ಹೊಸದಾಗಿ ಬರೆಯಬೇಕಾಯಿತು.

ನಮ್ಮ ಬ್ಯಾಂಕುಗಳಲ್ಲಿ ಲೆಡ್ಜರು ಹೋಗಿ ಗಣಕ ಬಂದಾಗಲೂ ಗ್ರಾಹಕನು ಮೊದಲಿನಂತೆಯೇ ಚೆಕ್ಕು ಬರೆದು ಹಣ ಪಡೆದನು. ಒಳಗಿನ ಕೆಲಸ ಹೇಗೆ ನಡೆಯುತ್ತದೆಂಬುದು ಅವನ ಚಿಂತೆಯಾಗಿರಲಿಲ್ಲ. ಏನು ಬೇಕೆಂದು ಕೇಳಿ, ಹೇಗೆಂಬುದನ್ನು ಒಳಗಿನವರಿಗೆ ಬಿಟ್ಟ ಬರಹವೇ ಯಂತ್ರದ ಆಯುಸ್ಸನ್ನು ಮೀರಿ ಬಾಳುತ್ತದೆ. ಇಂದು ಗಣಕಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳಿಗೂ ಈ ಮಾತು ಅನ್ವಯಿಸುತ್ತದೆ.