ಜಾಗ ಕೊಳ್ಳುವ ಮುನ್ನ

ಗಲ್ಫಿನಿಂದ ಮರಳಿದ ನಮ್ಮ ಚರ್ಚಿನ ಕುಟುಂಬವೊಂದು ಕಾಸರಗೋಡಿನ ಒಳನಾಡಿನಲ್ಲಿ ಹತ್ತು ಸೆಂಟ್ಸ್ ಜಾಗ ಕೊಂಡಿತು. ತೋಡಿನ ಬದಿ, ಸುತ್ತ ಅಡಿಕೆ ತೋಟ, ಸದ್ದುಗದ್ದಲವಿಲ್ಲದ ಊರು. ಪ್ರಾರ್ಥನೆಗೆ ಕರೆದಾಗ ನಾನೂ ಮೆಚ್ಚಿದ್ದೆ. ಪಂಚಾಯತಿಗೆ ಅರ್ಜಿ ಹಾಕಿದಾಗಲೇ ತಿಳಿದದ್ದು: ಎಂದೋ ಮಣ್ಣು ತುಂಬಿಸಿದ ಆ ಜಾಗ ದಾಖಲೆಯಲ್ಲಿ ಇನ್ನೂ ಗದ್ದೆ! ಕೇರಳದ 2008ರ ಗದ್ದೆ ಸಂರಕ್ಷಣಾ ಕಾಯ್ದೆಯಂತೆ, ಡೇಟಾ ಬ್ಯಾಂಕಿನಲ್ಲಿರುವ ಗದ್ದೆಯಲ್ಲಿ ಮನೆಗೆ ಸುಲಭವಾಗಿ ಅನುಮತಿ ಸಿಗದು.

ಕ್ರಯಪತ್ರವಿದ್ದದ್ದು ಮಲೆಯಾಳದಲ್ಲಿ, ಮನೆಯವರು ಕಲಿತದ್ದು ಕನ್ನಡ ಶಾಲೆಯಲ್ಲಿ. "ಓದಿಸಿ ಕೇಳಲು ನಾಚಿಕೆಯಾಯಿತು ಫಾದರ್" ಎಂದರು ಆ ತಾಯಿ.

ಪ್ರಿಯರೇ, ಮುಂಗಡ ಕೊಡುವ ಮೊದಲೇ ಸರ್ವೆ ನಂಬರು ಹಿಡಿದು ವಿಲ್ಲೇಜ್ ಆಫೀಸಿಗೂ ಕೃಷಿಭವನಕ್ಕೂ ಹೋಗಿ ಬನ್ನಿ. ನೆರೆಮನೆಯ ಅಜ್ಜನನ್ನು ವಿಚಾರಿಸಿ. ಆಟಿಯ ಮಳೆಯಲ್ಲೊಮ್ಮೆ ಜಾಗ ನೋಡಿ. ಪತ್ರ ಓದಿಸಬೇಕಿದ್ದರೆ ಗುರುಮನೆಗೆ ಬನ್ನಿ, ನಾಚಿಕೆ ಬೇಡ.

ಆ ಕುಟುಂಬ ಈಗಲೂ ಬಾಡಿಗೆ ಮನೆಯಲ್ಲಿದೆ. ಅರ್ಜಿ ಇನ್ನೂ ತೀರ್ಮಾನವಾಗಿಲ್ಲ.